ಹೂಪ್‌ಡ್ರೈವರನೂ ಅಮ್ಮಿನಬಾವಿಯ ಹಾದಿಯೂ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ ಮೇಲೆ ತಿರುಗಾಡುವುದನ್ನು ಕುರಿತ ಪುಸ್ತಕಗಳನ್ನು ಓದುವ ಚಟ ನನಗೆ ಯಾವಾಗ ಹತ್ತಿತೋ ನೆನಪಿಲ್ಲ. ಆ ನಾಡನ್ನು ನಾನು ಕಂಡವನಲ್ಲ, ಇನ್ನು ಕಾಣುವ ವಯಸ್ಸೂ ಅಲ್ಲ. ಆದರೂ ಹಳೆಯ ಪುಸ್ತಕದಂಗಡಿಯಲ್ಲಿ ಅಂಥದೊಂದು ಕಣ್ಣಿಗೆ ಬಿದ್ದರೆ ಕೈ ತಾನಾಗಿಯೇ ಕಿಸೆಗೆ ಹೋಗುತ್ತದೆ. ನಾಲ್ಕೈದು ಓದಿ ಮುಗಿಸುವ ಹೊತ್ತಿಗೆ ಇವೆಲ್ಲ ಒಂದೇ ಪುಸ್ತಕವೇನೋ ಎಂಬ ಅನುಮಾನ ಬರುತ್ತದೆ. ಕಿರಿದಾದ ಹಾದಿ, ಎರಡೂ ಮಗ್ಗುಲಿಗೆ ಹಸಿರು ಬೇಲಿ, ಹಳೆಯ ಚರ್ಚು, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದಿಬ್ಬ, ಕೊನೆಗೆ ಬಿಸಿ ಚಹ. ಆ ಬೇಲಿಯನ್ನು ಕತ್ತರಿಸಿ ಓರಣವಾಗಿಟ್ಟವನು ಯಾರು, ಚಹ ತಂದುಕೊಟ್ಟ ಹೆಣ್ಣುಮಗಳು ಎಷ್ಟು ದೂರದಿಂದ ಕೆಲಸಕ್ಕೆ ಬರುತ್ತಾಳೆ ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ.

ಈ ಸಾಲಿಗೆ ಸೇರದ ಒಂದು ಪುಸ್ತಕವಿದೆ. ಎಚ್. ಜಿ. ವೆಲ್ಸ್ 1896ರಲ್ಲಿ ಪ್ರಕಟಿಸಿದ ‘ದ ವ್ಹೀಲ್ಸ್ ಆಫ್ ಚಾನ್ಸ್’ ಎಂಬ ಪುಟ್ಟ ಕಾದಂಬರಿ. ಅದರ ನಾಯಕ ಹೂಪ್‌ಡ್ರೈವರ್ ಲಂಡನ್ನಿನ ಪಟ್ನಿಯ ಅರಿವೆ ಅಂಗಡಿಯೊಂದರಲ್ಲಿ ಗುಮಾಸ್ತ. ದಿನವಿಡೀ ಗಿರಾಕಿಗಳ ಮುಂದೆ ಥಾನು ಬಿಚ್ಚಿ ಥಾನು ಸುತ್ತುವವನು. ವರ್ಷಕ್ಕೊಮ್ಮೆ ಹತ್ತು ದಿನದ ಸೂಟಿ. ಆ ಸೂಟಿಯಲ್ಲಿ ಒಂದು ಹಳೆಯ, ಭಾರವಾದ ಸೈಕಲ್ಲನ್ನೇರಿ ಗಿಲ್ಡ್‌ಫರ್ಡ್, ಹೇಸಲ್ಮಿಯರ್, ಮಿಡ್‌ಹರ್ಸ್ಟ್, ಚಿಚೆಸ್ಟರ್ ಎಂದು ದಕ್ಷಿಣ ಸಮುದ್ರದ ಕಡೆಗೆ ಹೊರಡುತ್ತಾನೆ. ಊರುಗಳೂ ಹಾದಿಗಳೂ ನಿಜವಾದವು. ನಕಾಶೆ ಇಟ್ಟುಕೊಂಡು ಓದಬಹುದು. ಆದರೆ ವೆಲ್ಸ್ ಕತೆಯನ್ನು ಹಾದಿಯಿಂದ ಆರಂಭಿಸುವುದಿಲ್ಲ. ಸವಾರಿ ಕಲಿಯುವಾಗ ಬಿದ್ದೆದ್ದು ಹೂಪ್‌ಡ್ರೈವರನ ಕಾಲಿಗೆ ಆದ ಗಾಯಗಳಿಂದ ಆರಂಭಿಸುತ್ತಾನೆ. ಯಾವ ಗಾಯ ಎಲ್ಲಿ, ಯಾಕೆ ಆಯಿತು ಎಂದು ಎಣಿಸಿ ಹೇಳುತ್ತಾನೆ. ವೆಲ್ಸ್ ಸ್ವತಃ ಹುಡುಗನಾಗಿದ್ದಾಗ ಸೌತ್‌ಸೀಯ ಅರಿವೆ ಅಂಗಡಿಯಲ್ಲಿ ಉಮೇದುವಾರಿ ಮಾಡಿದವನು. ಹತ್ತು ದಿನದ ಸೂಟಿಯ ಬೆಲೆ ಅವನಿಗೆ ಗೊತ್ತಿತ್ತು.

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಮನೆ ಬಿಟ್ಟು ಬಂದ ಜೆಸ್ಸಿ ಎಂಬ ಹುಡುಗಿ, ಅವಳನ್ನು ಮರುಳು ಮಾಡಿ ಕರೆತಂದ ಬೆಶಮೆಲ್ ಎಂಬ ಠಕ್ಕ, ಬೆನ್ನು ಹತ್ತಿ ಬರುವ ಮಲತಾಯಿಯ ಪರಿವಾರ, ಇವರೆಲ್ಲ ಸೇರಿ ಉತ್ತರಾರ್ಧವನ್ನು ಕಂಪನಿ ನಾಟಕದ ಪ್ರಹಸನ ಮಾಡಿಬಿಡುತ್ತಾರೆ. ಅದಕ್ಕಿಂತ ದೊಡ್ಡ ದೋಷವೆಂದರೆ ಲೇಖಕ ತನ್ನ ನಾಯಕನನ್ನು ನೋಡಿ ಒಂದಿಷ್ಟು ಹೆಚ್ಚೇ ನಗುತ್ತಾನೆ. ತಾನು ಅಂಗಡಿಯಿಂದ ಪಾರಾದೆ, ಇವನು ಆಗಲಿಲ್ಲ ಎಂಬ ಜಂಭ ಆ ನಗೆಯಲ್ಲಿದೆ. ಆದರೂ ಕೊನೆಯಲ್ಲಿ ಹೂಪ್‌ಡ್ರೈವರ್ ಅದೇ ಅಂಗಡಿಗೆ ಮರಳಿ ಬರುವಾಗ, ಜೆಸ್ಸಿ ಕಳಿಸುತ್ತೇನೆಂದ ಪುಸ್ತಕಗಳನ್ನು ಬಿಟ್ಟರೆ ಅವನ ಕೈಯಲ್ಲಿ ಬೇರೆ ಆಸೆಯಿಲ್ಲದಿರುವಾಗ, ನಮ್ಮ ನಗೆ ನಿಂತುಹೋಗುತ್ತದೆ. ಹತ್ತು ದಿನ ಅಷ್ಟು ಹಗುರಾಗಿ ಉರುಳಿದ ಹಾದಿಯ ತುದಿಗೆ ಏನು ಕಾದಿತ್ತೆಂದು ಆಗ ತಿಳಿಯುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದವರು ನನ್ನ ಅಪ್ಪ. ಅವರು ಸಾಲಿ ಮಾಸ್ತರರು. ಧಾರವಾಡದಲ್ಲಿ ಮನೆ, ಸವದತ್ತಿ ರಸ್ತೆಯಲ್ಲಿ ಅಮ್ಮಿನಬಾವಿಯ ಆಚೆ ಸಾಲಿ. ಹನ್ನೊಂದು ವರ್ಷ ಸೈಕಲ್ ಮೇಲೆ ಹೋಗಿಬಂದರು. ನಾನು ಕಾಲೇಜಿನಲ್ಲಿದ್ದಾಗ ಕೆಲಗೇರಿ ರಸ್ತೆಯ ಸಂಜೆ ಸವಾರಿಯ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಕೆರೆಯ ನೀರು, ಮಾವಿನ ತೋಪು, ಮುಳುಗುವ ಸೂರ್ಯ, ಎಲ್ಲ ಇತ್ತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಅಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

‘ಚಲೋ ಬರದೀ. ಆದರ ಇದರಾಗ ಗಾಳಿ ಎಲ್ಲೈತಿ?’ ಎಂದರು.

‘ತಣ್ಣನ ಗಾಳಿ ಅಂತ ಬರದೇನಲ್ರಿ ಅಪ್ಪಾ’ ಎಂದೆ.

‘ಅದು ಕೂತವಗ ಬೀಸೂ ಗಾಳಿ. ತುಳಿಯಾವಗ ಬೀಸೂದು ಬ್ಯಾರೆ ಇರತೈತಿ.’

ಸಿಟ್ಟು ಬಂದಿತ್ತು. ಕಾವ್ಯ ಗೊತ್ತಿಲ್ಲದವರ ಮಾತು ಎಂದುಕೊಂಡೆ. ಅದು ವಿಮರ್ಶೆಯ ಮಾತು, ಅದೂ ಒಳ್ಳೆಯ ವಿಮರ್ಶೆಯ ಮಾತು ಎಂದು ತಿಳಿಯುವುದಕ್ಕೆ ನನಗೆ ವೆಲ್ಸ್ ಬೇಕಾಯಿತು.

ಅಮ್ಮಿನಬಾವಿಯ ಹಾದಿಯ ಗಾಳಿಯ ಲೆಕ್ಕ ಹೀಗಿದೆ. ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ. ಹಾದಿ ಈಶಾನ್ಯಕ್ಕೆ ಹೋಗುತ್ತದೆ. ಮುಂಜಾನೆ ಗಾಳಿ ಬೆನ್ನಿಗೆ, ಸಂಜೆ ಎದೆಗೆ. ಧಾರವಾಡ ಎತ್ತರದಲ್ಲಿರುವುದರಿಂದ ಮರಳುವಾಗಲೇ ಏರು. ದಿನವೆಲ್ಲ ಗಂಟಲು ಹರಿದುಕೊಂಡು ಪಾಠ ಹೇಳಿದವನಿಗೆ ದಣಿದ ಹೊತ್ತಿನಲ್ಲಿಯೇ ಏರೂ ಗಾಳಿಯೂ ಕೂಡಿ ಬರುತ್ತವೆ. ಚಳಿಗಾಲದಲ್ಲಿ ಮೂಡಗಾಳಿ ಶುರುವಾದರೆ ಲೆಕ್ಕ ತಿರುಗುತ್ತದೆ. ಎರೆಮಣ್ಣು ಹಸಿಯಾಗಿದ್ದರೆ ಗಾಲಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗುತ್ತದೆ; ಒಣಗಿದರೆ ಜಾಲಿಮುಳ್ಳು. ಪಂಕ್ಚರ್ ಸಾಮಾನು ಅಪ್ಪನ ಕೈಚೀಲದಲ್ಲಿ ಹಾಜರಿ ಪುಸ್ತಕದ ಜೊತೆಗೇ ಇರುತ್ತಿತ್ತು. ಸಂಕ್ರಮಣದ ಸುಮಾರಿಗೆ ಬಿಳಿಜೋಳದ ಹೊಲಗಳ ನಡುವೆ ಬರುವುದು ಮಾತ್ರ ಅರಸನ ಸವಾರಿ ಎಂದು ಅವರೇ ಹೇಳುತ್ತಿದ್ದರು. ಆ ಮಾತನ್ನು ನಾನು ನಂಬುತ್ತೇನೆ, ಯಾಕೆಂದರೆ ಹೇಳಿದವರಿಗೆ ಉಳಿದ ತಿಂಗಳುಗಳೂ ಗೊತ್ತಿದ್ದವು.

ಇಂಗ್ಲೆಂಡಿನ ಹಾದಿಗಳು ಸೌಮ್ಯವಾಗಿರುವುದು ದೇವರು ಕೊಟ್ಟಿದ್ದು ಎಂಬ ಭಾವನೆಯನ್ನು ಆ ಪುಸ್ತಕಗಳು ಹುಟ್ಟಿಸುತ್ತವೆ. ಇದು ಅವುಗಳ ಎರಡನೆಯ ತಪ್ಪು. 1878ರಲ್ಲಿ ಅಲ್ಲಿಯ ಸವಾರರು ಒಂದು ಪ್ರವಾಸಿ ಸಂಘ ಕಟ್ಟಿಕೊಂಡರು. ಅಪಾಯದ ಇಳಿಜಾರಿದ್ದಲ್ಲಿ ಎಚ್ಚರಿಕೆಯ ಫಲಕ ನೆಟ್ಟರು. ತಂಗಲು ತಕ್ಕ ಖಾನಾವಳಿಗಳಿಗೆ ರೆಕ್ಕೆಯುಳ್ಳ ಗಾಲಿಯ ಗುರುತಿನ ಬಿಲ್ಲೆ ಹೊಡೆಸಿದರು. 1886ರಲ್ಲಿ ಸೈಕಲ್ಲಿನವರ ಎರಡು ಸಂಸ್ಥೆಗಳು ಕೂಡಿ ರಸ್ತೆ ಸುಧಾರಣೆಗೆಂದೇ ಇನ್ನೊಂದು ಸಂಘ ಹುಟ್ಟುಹಾಕಿದವು. ಮೋಟಾರು ಬರುವ ಮುಂಚೆಯೇ ಒಳ್ಳೆಯ ರಸ್ತೆ ಕೊಡಿರೆಂದು ಜಗಳವಾಡಿದವರು ಅವರು. ಹಸಿರು ಬೇಲಿಯ ನಡುವಿನ ಆ ಸಮಾಧಾನದ ಹಿಂದೆ ಇಷ್ಟು ಅರ್ಜಿ, ಇಷ್ಟು ವಂತಿಗೆ, ಇಷ್ಟು ತಕರಾರು ಇದೆ.

ಹಾದಿಯ ವೈವಿಧ್ಯದಲ್ಲಿ ಧಾರವಾಡ ಯಾರಿಗೂ ಕಡಿಮೆಯಲ್ಲ. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿ ಈ ಊರು ಕೂತಿದೆ. ಪಡುವಣಕ್ಕೆ ಕೆಲಗೇರಿ ದಾಟಿ ಮುಗದದ ಕಡೆ ಹೋದರೆ ಕೆಂಪು ಮಣ್ಣು, ಭತ್ತದ ಗದ್ದೆ, ಕೆರೆ. ಮುಗದದಲ್ಲಿ ಭತ್ತದ ಸಂಶೋಧನೆಯ ಕೇಂದ್ರವೂ ಇದೆ. ಮೂಡಣಕ್ಕೆ ಹೆಬ್ಬಳ್ಳಿಯ ಕಡೆ ಹೋದರೆ ಎರೆಹೊಲ, ಜೋಳ, ಹತ್ತಿ, ಕಡಲೆ. ದಕ್ಷಿಣಕ್ಕೆ ಕಲಘಟಗಿ ರಸ್ತೆಯಲ್ಲಿ ನುಗ್ಗಿಕೇರಿಯ ಹಣಮಪ್ಪನಿಗೆ ಕೈಮುಗಿದು ಮುಂದೆ ಹೋದರೆ ಗುಡ್ಡಗಳು ಹತ್ತಿರ ಬರುತ್ತವೆ. ಒಂದು ಮುಂಜಾನೆಯ ಸವಾರಿಯಲ್ಲಿ ಮಣ್ಣಿನ ಬಣ್ಣ, ಪೈರು, ಮಳೆಯ ಪ್ರಮಾಣ ಬದಲಾಗುವುದನ್ನು ಕಣ್ಣಾರೆ ಕಾಣಬಹುದಾದ ಊರುಗಳು ಹೆಚ್ಚಿಲ್ಲ. ಆದರೆ ಈ ಹಾದಿಗಳನ್ನು ಸೈಕಲ್ ಮೇಲಿನಿಂದ ಕಂಡು ಬರೆದ ಪುಸ್ತಕ ನನ್ನ ಕೈಗೆ ಈವರೆಗೆ ಸಿಕ್ಕಿಲ್ಲ. ಸಾಧನಕೇರಿ ಬೇಂದ್ರೆಯವರಿಂದಾಗಿ ಕನ್ನಡಿಗರೆಲ್ಲರದಾಯಿತು. ಹೆಬ್ಬಳ್ಳಿಯ ಹಾದಿಯಲ್ಲಿ ಹಾಲಿನ ಕ್ಯಾನು ತೂಗಾಡಿಸಿಕೊಂಡು ಬರುತ್ತಿದ್ದವರ ಕತೆಗೆ ಅಂಥ ಭಾಗ್ಯ ಬರಲಿಲ್ಲ. ಸೈಕಲ್ ನಮ್ಮಲ್ಲಿ ದುಡಿಯುವವನ ವಾಹನವಾಗಿತ್ತು. ಬರೆಯುವವನು ಬಸ್ಸಿನಲ್ಲಿದ್ದ.

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ರಸ್ತೆಯ ಮಾತು ಬೇರೆಯೇ. ಸುಮಾರು ಇಪ್ಪತ್ತು ಕಿಲೋಮೀಟರಿನಲ್ಲಿ ನೂರು ಮೀಟರಿನಷ್ಟು ಇಳಿತ. ಹುಬ್ಬಳ್ಳಿಗೆ ಹೋಗುವಾಗ ಸೈಕಲ್ ತಾನೇ ಓಡುತ್ತಿತ್ತು. ನವಲೂರಿನಲ್ಲಿ ಪೇರಲಹಣ್ಣು, ಉಣಕಲ್ಲಿನಲ್ಲಿ ಕೆರೆಯ ದಂಡೆ, ಮನಸ್ಸಿದ್ದರೆ ಚಂದ್ರಮೌಳೇಶ್ವರನ ಗುಡಿ. 1962ರಲ್ಲಿ ಎರಡೂ ಊರುಗಳಿಗೆ ಒಂದೇ ಮಹಾನಗರಪಾಲಿಕೆಯಾಯಿತು. 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದವು. ರಸ್ತೆಯ ನಡುವೆ ಅವಕ್ಕೆ ಮೀಸಲು ಪಟ್ಟಿ. ಉಳಿದದ್ದು ಕಾರು, ಲಾರಿ, ಮೋಟಾರ್‌ಸೈಕಲ್ಲುಗಳಿಗೆ. ಬಸ್ಸು ಬೇಡವೆನ್ನುವವನು ನಾನಲ್ಲ, ನಾನೂ ಅದರಲ್ಲಿಯೇ ಹೋಗುತ್ತೇನೆ. ಆದರೆ ಕಿಟಕಿಯಿಂದ ನೋಡುವಾಗ, ರಸ್ತೆಯ ಅಂಚಿನ ಮಣ್ಣಿನಲ್ಲಿ ಅಡ್ಡಾದಿಡ್ಡಿ ತುಳಿಯುತ್ತ ಕೆಲಸಕ್ಕೆ ಹೊರಟ ಯಾವನೋ ಒಬ್ಬ ಕಾಣುತ್ತಾನೆ. ಆ ಅಗಲವಾದ ರಸ್ತೆಯಲ್ಲಿ ಅವನಿಗೆಂದು ಒಂದು ಗೇಣು ಜಾಗವೂ ನನಗೆ ಕಾಣುವುದಿಲ್ಲ.

ಈಗ ರವಿವಾರ ಮುಂಜಾನೆ ಹೊಸ ಸವಾರರು ಹೊರಡುತ್ತಾರೆ. ತಲೆಗೆ ಶಿರಸ್ತ್ರಾಣ, ಮೈಗೆ ಬಿಗಿಯಾದ ಬಣ್ಣದ ಅಂಗಿ, ಹ್ಯಾಂಡಲ್ಲಿನ ಮೇಲೆ ಮೊಬೈಲು. ಅವರನ್ನು ಕಂಡು ನಗುವ ಹಿರಿಯರಿದ್ದಾರೆ. ನನಗೆ ನಗು ಬರುವುದಿಲ್ಲ. ಹಾದಿಗಾಗಿ ಜಗಳವಾಡಲು ಮೊದಲು ಹಾದಿಯ ಮೇಲೆ ಜನ ಬೇಕಲ್ಲವೆ? ಇವರಲ್ಲಿ ಯಾರಾದರೂ ನಮ್ಮ ಹಾದಿಗಳ ಪುಸ್ತಕ ಬರೆಯುತ್ತಾರೆಂದು ನನ್ನ ನಿರೀಕ್ಷೆ. ಅವರಿಗೆ ನನ್ನದೊಂದು ವಿನಂತಿ. ಕೆರೆ, ಗುಡಿ, ಸೂರ್ಯಾಸ್ತ ಧಾರಾಳವಾಗಿ ಬರಲಿ. ಯಾವ ತಿಂಗಳಲ್ಲಿ ಗಾಳಿ ಯಾವ ಕಡೆಗೆ, ಮುಳ್ಳು ಎಲ್ಲಿ, ನೀರು ಕೊಡುವ ಮನೆ ಯಾವುದು, ಅದೇ ಹಾದಿಯಲ್ಲಿ ವಾರದ ಉಳಿದ ಆರು ದಿನ ಯಾರು ತುಳಿಯುತ್ತಾರೆ ಎಂಬುದೂ ಬರಲಿ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಅಮ್ಮಿನಬಾವಿಯಿಂದ ಧಾರವಾಡಕ್ಕೆ ನಾನೇ ಸೈಕಲ್ ತುಳಿದು ಬಂದೆ. ಎಪ್ಪತ್ತರ ಹತ್ತಿರದ ಮನುಷ್ಯ ಮಾಡಬಾರದ ಕೆಲಸ. ಅರ್ಧ ಹಾದಿ ಇಳಿದು ದಬ್ಬಿಕೊಂಡೇ ಬಂದೆ. ಗಾಳಿ ಅಪ್ಪ ಹೇಳಿದ ಕಡೆಯಿಂದಲೇ ಬೀಸುತ್ತಿತ್ತು.