ಅಕ್ಕನ ಗಂಡ

ಮುಟ್ಟಾದ ದಿನಗಳಲ್ಲಿ ಅತ್ತೆಯವರು ನನ್ನನ್ನು ದೇವರ ಕೋಣೆಗೆ ಬಿಡುತ್ತಿರಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಅಕ್ಕಮಹಾದೇವಿಯ ವಚನಗಳನ್ನು ಓದುತ್ತಿದ್ದೆ. ಪೂಜಾರಿಯ ಹಂಗಿಲ್ಲದೆ ಚೆನ್ನಮಲ್ಲಿಕಾರ್ಜುನನಿಗಾಗಿ ಹಂಬಲಿಸಿದವಳು, ಅವನೊಡನೆ ಜಗಳವಾಡಿದವಳು ಅಕ್ಕ.

ಒಂದು ಮಾತ್ರ ನನ್ನನ್ನು ಕಾಡುತ್ತಿತ್ತು. ಹರಿಹರನ ರಗಳೆಯಂತೆ ಕೌಶಿಕನ ಅರಮನೆಯನ್ನೇ ಬಿಟ್ಟು ಹೊರಟವಳು 'ಗಂಡ' ಎಂಬ ಪದವನ್ನೇಕೆ ಬಿಡಲಿಲ್ಲ? ವಿಮರ್ಶಕರು 'ಶರಣಸತಿ ಲಿಂಗಪತಿ' ಎಂದು ಹೇಳಿ ಮುಂದೆ ಹೋಗುತ್ತಾರೆ. ನನಗದು ಸಾಲದು. ಅಕ್ಕ ಆ ಪದವನ್ನು ಉಳಿಸಿಕೊಂಡು, ಅದರೊಳಗಿದ್ದ ಯಜಮಾನನನ್ನು ಹೊರಗೆ ಹಾಕಿದಳು. ಅವಳು ಒಲಿದವನಿಗೆ ಸಾವಿಲ್ಲ. ಹಾಗಾಗಿ ಅವಳಿಗೆ ವೈಧವ್ಯವೂ ಇಲ್ಲ. ಅವನಿಗೆ ಕುಲವಿಲ್ಲ, ಮಡಿ-ಮೈಲಿಗೆ ಕೇಳುವವರಾರು?

ಮಾವನವರು ತೀರಿಕೊಂಡ ಮೇಲೆ ಅರಿಶಿನ ಕುಂಕುಮಕ್ಕೆ ಅತ್ತೆಯವರನ್ನು ಯಾರೂ ಕರೆಯಲಿಲ್ಲ. ಒಂದು ಸಂಜೆ ಅವರೇ ಕಟ್ಟೆಗೆ ಬಂದು ಕುಳಿತು, "ಅದೇನು ಓದ್ತೀಯೋ, ಸ್ವಲ್ಪ ಜೋರಾಗಿ ಓದಮ್ಮ" ಎಂದರು.