ಸೈಟಿನ ಅಳತೆಗೆ ಸಿಗದ ನೀರು

ಬಸವನಗುಡಿಯ ಮನೆಗಳ ಪಕ್ಕದ ಓಣಿಯಲ್ಲಿ ಈಗ ಪ್ಲಾಸ್ಟಿಕ್ ಡ್ರಮ್ಮೊಂದು ಕಾಣುವುದು ಮಾಮೂಲು. ತಾರಸಿಯಿಂದ ಇಳಿದ ಪೈಪು ಅದರೊಳಗೆ ಹೋಗುತ್ತದೆ. ಒಳಗೆ ಜಲ್ಲಿ, ಇದ್ದಿಲು, ಮರಳು, ಮೇಲೊಂದು ಬಲೆ. ಇದು ಮಳೆನೀರು ಕೊಯ್ಲಿನ ಫಿಲ್ಟರ್. ಕೆಲವು ಕಡೆ ಮುಚ್ಚಳದ ಮೇಲೆ ಹೂಕುಂಡ ಕೂತಿರುತ್ತದೆ. ಅಂದರೆ ಅದನ್ನು ತೆಗೆದು ತೊಳೆದು ಎಷ್ಟು ಕಾಲವಾಯಿತೋ! ಇನ್ನು ಕೆಲವು ಕಡೆ ಫಿಲ್ಟರ್ ಕಟ್ಟಿಕೊಂಡು ತಾರಸಿಯಲ್ಲಿ ನೀರು ನಿಂತದ್ದೇ ನೆಪವಾಗಿ, ಪೈಪಿನ ಎಲ್ಬೋ ಬಿಚ್ಚಿ ನೀರನ್ನು ಸೀದಾ ರಸ್ತೆಗೆ ಬಿಟ್ಟಿರುತ್ತಾರೆ. ಕಾಗದದ ಮೇಲೆ ಮಾತ್ರ ಅದು ನಿಯಮ ಪಾಲಿಸಿದ ಮನೆ.

ಈ ಡ್ರಮ್ಮುಗಳ ಹಿಂದಿರುವುದು ಬೆಂಗಳೂರು ಜಲಮಂಡಳಿ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿ. 60–40 ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿರುವ ಹಳೆ ಕಟ್ಟಡಕ್ಕೂ 30–40 ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಏಳುವ ಹೊಸ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಇದರ ಹಿಂದಿನ ಗಣಿತದಲ್ಲಿ ತಪ್ಪಿಲ್ಲ. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯಾಗುವ ಊರಿನಲ್ಲಿ 60–40ರ ಸೈಟೊಂದರ ಮೇಲೆ ಬೀಳುವುದು 2 ಲಕ್ಷ ಲೀಟರಿಗೂ ಹೆಚ್ಚು ನೀರು. ಅದನ್ನು ಹಿಡಿದು ಬದುಕಬಹುದೆಂದು ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಯಲ್ಲಿ ಜಲಮಂಡಳಿಯ ಸಂಪರ್ಕವನ್ನೇ ಪಡೆಯದೆ ತೋರಿಸಿಕೊಟ್ಟರು. ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನಗರ, ತಲೆಯ ಮೇಲೇ ಬೀಳುವ ನೀರಿಗೆ ಕೈಯೊಡ್ಡಬೇಕೆಂದು ಕಾನೂನು ಮಾಡಿದ್ದು ಸರಿಯಾದ ಕೆಲಸವೇ.

ನನ್ನ ತಕರಾರು ಬೇರೆ. ಈ ನಿಯಮ ನೀರನ್ನು ಸೈಟಿನ ಲೆಕ್ಕದಲ್ಲಿ ನೋಡುತ್ತದೆ. ನೆಲದಡಿಯ ನೀರಿಗೆ ಕಾಂಪೌಂಡ್ ಇಲ್ಲ.

ಮೊದಲು ದಂಡವನ್ನೇ ನೋಡಿ. ಕೊಯ್ಲು ಅಳವಡಿಸದ ಮನೆಗೆ ಬೀಳುವ ದಂಡ ನೀರಿನ ಬಿಲ್ಲಿನ ಶೇಕಡಾವಾರು. ಬೋರ್‌ವೆಲ್ಲಿನಿಂದ ಹೆಚ್ಚು ಎತ್ತಿ ಕಾವೇರಿ ನೀರನ್ನು ಕಡಿಮೆ ಬಳಸುವವರ ಬಿಲ್ಲೂ ಕಡಿಮೆ, ದಂಡವೂ ಕಡಿಮೆ. ನೆಲದ ನೀರನ್ನು ಉಳಿಸಲೆಂದು ಮಾಡಿದ ನಿಯಮ ನೆಲದ ನೀರನ್ನು ಹೆಚ್ಚು ಎತ್ತಿದವರಿಗೇ ರಿಯಾಯಿತಿ ಕೊಟ್ಟಂತಾಯಿತು. ಕೊಯ್ಲಿನ ಖರ್ಚಿಗಿಂತ ಇದೇ ವಾಸಿ ಎಂದು ತಿಂಗಳು ತಿಂಗಳು ದಂಡ ಕಟ್ಟುವ ಮನೆಗಳು ಸಾವಿರಾರು ಇವೆ. ಜಂಟಿ ಖಾತೆಗೆ ಜಮಾ ಮಾಡುವುದು ಎಲ್ಲರಿಗೂ ಕಡ್ಡಾಯ, ತೆಗೆಯುವುದಕ್ಕೆ ಮಾತ್ರ ಪಾಸ್‌ಬುಕ್ಕೇ ಇಲ್ಲ ಎಂಬಂಥ ವ್ಯವಸ್ಥೆ ಇದು.

ನೀರನ್ನು ಸೈಟಿನ ಲೆಕ್ಕದಲ್ಲಿ ನೋಡುವ ಈ ದೃಷ್ಟಿದೋಷ ಹಳೆಯದು. ಮಲ್ಲೇಶ್ವರದ ಪಕ್ಕದಲ್ಲಿ ಸ್ಯಾಂಕಿ ಕೆರೆ ಕಟ್ಟಿದ 1882ರಲ್ಲೇ ಬ್ರಿಟಿಷರ ಈಸ್‌ಮೆಂಟ್ಸ್ ಕಾಯ್ದೆಯೂ ಬಂತು. ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ, ನೆಲದೊಳಗಿನ ನೀರನ್ನು ತನ್ನ ಗಡಿಯೊಳಗೆ ತೆಗೆದುಕೊಳ್ಳುವುದು ಜಮೀನಿನ ಒಡೆಯನ ಹಕ್ಕು ಎಂದಿತು ಅದು. ರಾಟೆ, ಹಗ್ಗ, ಬಿಂದಿಗೆಯ ಕಾಲದಲ್ಲಿ ಆ ಹಕ್ಕಿಗೆ ಸೇದುವವರ ತೋಳಿನ ಶಕ್ತಿಯೇ ಮಿತಿಯಾಗಿತ್ತು. ಸಬ್‌ಮರ್ಸಿಬಲ್ ಪಂಪಿಗೆ ತೋಳು ನೋಯುವುದಿಲ್ಲ. ಒಂದು ಬಾವಿ ಇನ್ನೊಂದರ ನೀರನ್ನು ಎಳೆಯುತ್ತದೆಂದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದೇ ಇಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1999ರ ರಾಜ್ಯ ಕಾಯ್ದೆಯೇ ಹೇಳುತ್ತದೆ. 2011ರ ಅಂತರ್ಜಲ ಕಾಯ್ದೆ ನೋಂದಣಿ, ಅನುಮತಿಗಳನ್ನು ತಂದಿತು. ಆದರೂ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಅಕ್ಕಪಕ್ಕದ ಎರಡು ಅಪಾರ್ಟ್‌ಮೆಂಟುಗಳ ಬೋರುಗಳ ನಡುವೆ ಇರುವುದು ಒಂದು ಕಾರು ಹೋಗುವಷ್ಟು ಜಾಗ. ಒಬ್ಬರ ಬೋರು ಬತ್ತಿದರೆ ಅವರು ಮಾಡುವ ಮೊದಲ ಕೆಲಸ ಪಾಯಿಂಟ್ ನೋಡುವವರನ್ನು ಕರೆಸುವುದು, ಎರಡನೆಯದು ಪಕ್ಕದವರಿಗಿಂತ ಆಳಕ್ಕೆ ಕೊರೆಸುವುದು.

ಕೊಯ್ಲಿನ ನೀರನ್ನು ನೆಲಕ್ಕಿಳಿಸುವ ಇಂಗುಬಾವಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬೆಂಗಳೂರಿನ ತಳ ಗ್ರಾನೈಟ್ ಮತ್ತು ನೈಸ್ ಬಂಡೆ. ಮೇಲೆ ಶಿಥಿಲವಾದ ಪದರ, ಕೆಳಗೆ ಬಿರುಕುಗಳು. ರಿಂಗು ಇಳಿಸಿ ಇಪ್ಪತ್ತು ಮೂವತ್ತಡಿ ತೋಡಿದ ಇಂಗುಬಾವಿ ನೀರುಣಿಸುವುದು ಮೇಲಿನ ಪದರಕ್ಕೆ. ಬೋರ್‌ವೆಲ್ ಆ ಪದರವನ್ನು ಕೇಸಿಂಗ್ ಪೈಪಿನಿಂದ ಮುಚ್ಚಿಕೊಂಡು ನೂರಾರು ಅಡಿ ಕೆಳಗಿನ ಬಿರುಕಿನಿಂದ ಎಳೆಯುತ್ತದೆ. ಮೇಲಿನ ನೀರು ಅಲ್ಲಿಗೆ ಇಳಿಯುವುದು ನಿಧಾನ, ಎಲ್ಲ ಕಡೆ ಒಂದೇ ಸಮನೂ ಅಲ್ಲ. ಈ ವರ್ಷ ಇಂಗಿಸಿ ಮುಂದಿನ ವರ್ಷ ಬೋರು ತುಂಬಲಿಲ್ಲವೆಂದು ಮನೆಯವರು ಬೇಸತ್ತರೆ ಅದು ಅವರ ತಪ್ಪಲ್ಲ. ನಿಯಮ ಅವರಿಗೆ ಇದನ್ನು ಬಿಡಿಸಿ ಹೇಳಲೇ ಇಲ್ಲ.

ಹಳೆ ಬಡಾವಣೆಗಳ ಮಟ್ಟಿಗೆ ಇನ್ನೊಂದು ತಮಾಷೆಯಿದೆ. ನಗರದ ನಡುಭಾಗದ ಅಂತರ್ಜಲ ಹೊರವಲಯದಷ್ಟು ಕೆಳಗಿಳಿದಿಲ್ಲವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಳೆದು ಹೇಳಿದ್ದಾರೆ. ಇಲ್ಲಿ ಎತ್ತುವುದು ಕಡಿಮೆ ಎಂಬುದು ಒಂದು ಕಾರಣ, ಕೊಳವೆಗಳ ಸೋರಿಕೆ ಇನ್ನೊಂದು. ಚಾಮರಾಜಪೇಟೆಯ ನೆಲ ಕುಡಿಯುತ್ತಿರುವುದು ಮಳೆಯನ್ನಷ್ಟೇ ಅಲ್ಲ, ಕಾವೇರಿಯನ್ನೂ. 2025ರ ಬೇಸಿಗೆಗೆ ಮುನ್ನ ಅದೇ ಸಂಸ್ಥೆ ಜಲಮಂಡಳಿಗೆ ಕೊಟ್ಟ ಅಂದಾಜಿನಲ್ಲಿ ನಡುನಗರದ ಮಟ್ಟ 5 ಮೀಟರಿನಷ್ಟು, ಹೊರಗಿನ 110 ಹಳ್ಳಿಗಳದು 20ರಿಂದ 25 ಮೀಟರ್ ಕುಸಿಯಬಹುದು ಎಂದಿತ್ತು. ಇಷ್ಟು ಅಂತರವಿರುವ ಎರಡು ಪ್ರದೇಶಗಳಿಗೆ ಒಂದೇ ನಿಯಮ! ಹೊರವಲಯದಲ್ಲಿ ಇಂಗಿಸುವುದು ತುರ್ತು. ಬಸವನಗುಡಿಯಲ್ಲಿ ಇಂಗಿಸಿದ ನೀರು ವೈಟ್‌ಫೀಲ್ಡಿಗೆ ಹೋಗುವುದಿಲ್ಲ. ಇಲ್ಲಿ ತಾರಸಿಯ ನೀರನ್ನು ಸಂಪಿಗೆ ತುಂಬಿಕೊಂಡು, ಮೇಲಿನ ಪದರದ ನೀರನ್ನು ಗಿಡಕ್ಕೂ ನೆಲ ತೊಳೆಯುವುದಕ್ಕೂ ಬಳಸಿ, ಅಷ್ಟು ಕಾವೇರಿಯನ್ನು ಬೋರು ಬತ್ತಿದ ಕಡೆಗೆ ಬಿಟ್ಟುಕೊಡುವುದೇ ಹೆಚ್ಚು ನ್ಯಾಯ. ಹಳೆ ಒಳಚರಂಡಿಗಳೂ ಸೋರುವುದರಿಂದ ಆ ನೀರನ್ನು ಪರೀಕ್ಷಿಸದೆ ಕುಡಿಯುವಂತಿಲ್ಲ, ನಿಜ. ಕಾರು ತೊಳೆಯಲು ಪರೀಕ್ಷೆ ಬೇಕಿಲ್ಲವಲ್ಲ.

ಬೆಂಗಳೂರಿನಲ್ಲಿ ಈ ತಿದ್ದುಪಡಿ ಬಂದ 2009ರಲ್ಲೇ ಎಲಿನಾರ್ ಆಸ್ಟ್ರೋಮ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಪಿಎಚ್‌.ಡಿ. ಪ್ರಬಂಧದ ವಿಷಯವೇ ಅಂತರ್ಜಲ: ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಬೇಸಿನ್. ಮಳೆ ಕಡಿಮೆಯ ಆ ಪ್ರದೇಶದಲ್ಲಿ ಪೈಪೋಟಿಯಿಂದ ನೀರೆತ್ತಿ ಸಮುದ್ರದ ಉಪ್ಪು ಒಳನುಗ್ಗಿದಾಗ, ಎತ್ತುವವರೇ ಸಂಘ ಕಟ್ಟಿಕೊಂಡರು. ನ್ಯಾಯಾಲಯದ ಮುಂದೆ ಬಹುತೇಕರು ತಮ್ಮ ಪಾಲು ತಗ್ಗಿಸಲು ಒಪ್ಪಿದರು. ಯಾರು ಎಷ್ಟು ಎತ್ತಿದರೆಂಬ ಲೆಕ್ಕ ಪ್ರತಿವರ್ಷ ಎಲ್ಲರ ಕೈಗೂ ಸಿಗುವಂತಾಯಿತು. ಅಲ್ಲಿನ ಕೋರ್ಟು ಖರ್ಚುಗಳನ್ನು ನಾವು ನಕಲು ಮಾಡಬೇಕಿಲ್ಲ. ಆ ಲೆಕ್ಕದ ಪುಸ್ತಕವನ್ನು ಮಾತ್ರ ಮಾಡಬೇಕು. ನಮ್ಮ ನಿಯಮದಲ್ಲಿ ಇಲ್ಲದೇ ಹೋದದ್ದು ಅದೇ.

ಅದಕ್ಕೆ ಬೇಕಾದ ಸಾಧನ ಹಳೆ ಬಡಾವಣೆಗಳಲ್ಲಿ ಈಗಾಗಲೇ ಇದೆ: ಮುಚ್ಚಿಹೋದ ತೆರೆದ ಬಾವಿಗಳು. ಕಬ್ಬನ್ ಪಾರ್ಕಿನ ಹಳೆ ಬಾವಿಗಳಿಗೆ ಬಾವಿ ತೋಡುವ ಕಸುಬಿನ ಮಣ್ಣು ವಡ್ಡರು ಇಳಿದು ಹೂಳೆತ್ತಿದಾಗ ಮತ್ತೆ ನೀರು ಬಂತು, ಗಿಡಗಳಿಗೆ ಬಳಕೆಯಾಯಿತು. ಬೋರಿನೊಳಗಿನ ನೀರಿನ ಮಟ್ಟ ಮನೆಯವರ ಕಣ್ಣಿಗೆ ಕಾಣುವುದಿಲ್ಲ. ತೆರೆದ ಬಾವಿಯಲ್ಲಿ ಬಗ್ಗಿ ನೋಡಿದರೆ ಸಾಕು. ಚಾಮರಾಜಪೇಟೆಯ ಬೀದಿಗೊಂದು ಬಾವಿಯ ಚಪ್ಪಡಿ ಸರಿಸಿ, ಮೇ ತಿಂಗಳಲ್ಲೊಮ್ಮೆ ನವೆಂಬರಿನಲ್ಲೊಮ್ಮೆ ಹಗ್ಗ ಬಿಟ್ಟು ನೀರು ಎಷ್ಟಡಿಯಲ್ಲಿದೆ ಎಂದು ಬರೆದು, ಆ ಹಾಳೆಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಬಹುದು. ಇದಕ್ಕೆ ಕಾಯ್ದೆ ತಿದ್ದಬೇಕಾಗಿಯೂ ಇಲ್ಲ.