ಎಳೆಯ ಕೈಗಳಿಗೆ ಹಿರಿಯ ಸಂಗೀತ

ಮಕ್ಕಳಿಗಾಗಿ ರಚಿತವಾದ ಸಂಗೀತಕೃತಿಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ಅನ್ಯಾಯವಾಗುತ್ತದೆ. ಹಾಡಿದವರು ಮಕ್ಕಳೆಂಬ ಮಮತೆಯಿಂದ ಗುಣದೋಷಗಳನ್ನೆಣಿಸದೆ ಹೊಗಳುವುದು ಒಂದು. ಮಕ್ಕಳ ಕೃತಿಯೆಂದ ಮೇಲೆ ವಿಚಾರಕ್ಕೆ ಯೋಗ್ಯವಲ್ಲವೆಂದು ಬದಿಗಿರಿಸುವುದು ಇನ್ನೊಂದು. ಎರಡರ ಮೂಲವೂ ಒಂದೇ: ಅರೆಕಲಿತವರಿಗೆ ಪೂರ್ಣ ಕಲೆ ಸಲ್ಲದೆಂಬ ಭಾವನೆ. ಇಂಗ್ಲೆಂಡಿನ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ನನ (1913–1976) ‘ನೋಯೀಸ್ ಫ್ಲಡ್’ ಎಂಬ ಗೇಯನಾಟಕ ಈ ಭಾವನೆಯನ್ನು ಪರೀಕ್ಷೆಗೊಡ್ಡುವ ಕೃತಿ.

ಇದರ ವಸ್ತು ಬೈಬಲ್ಲಿನ ಜಲಪ್ರಳಯ. ದೇವರ ಅಪ್ಪಣೆಯಂತೆ ನೋಹನು ನಾವೆ ಕಟ್ಟಿ, ತನ್ನ ಪರಿವಾರವನ್ನೂ ಪ್ರಾಣಿಗಳ ಜೋಡಿಗಳನ್ನೂ ಉಳಿಸಿಕೊಂಡ ವೃತ್ತಾಂತವದು. ಬ್ರಿಟನ್ ಪಠ್ಯವನ್ನು ಹೊಸದಾಗಿ ಬರೆಸಲಿಲ್ಲ. ಚೆಸ್ಟರ್ ನಗರದ ಕಸುಬುದಾರರ ಸಂಘಗಳು ಹಿಂದೆ ಬೀದಿಯಲ್ಲಿ ಆಡುತ್ತಿದ್ದ ಧಾರ್ಮಿಕ ನಾಟಕಮಾಲೆಯಿಂದ ಆಯ್ದುಕೊಂಡನು. 1958ರ ಜೂನ್ 18ರಂದು, ಆಲ್ಡ್‌ಬರೋ ಉತ್ಸವದ ಅಂಗವಾಗಿ, ಸಫಕ್ ಪ್ರಾಂತದ ಆರ್ಫರ್ಡ್ ಚರ್ಚಿನಲ್ಲಿ ಇದರ ಪ್ರಥಮ ಪ್ರಯೋಗ ನಡೆಯಿತು. ನೋಹನೂ ಅವನ ಪತ್ನಿಯೂ ನುರಿತ ಗಾಯಕರು; ಮಕ್ಕಳು, ಸೊಸೆಯರು, ನೆರೆಹೊರೆಯ ಹೆಂಗಳೆಯರು, ಪ್ರಾಣಿಗಳು ಎಲ್ಲರೂ ಶಾಲೆಯ ಬಾಲಕ ಬಾಲಿಕೆಯರು. ಕೃತಿಯನ್ನು ಚರ್ಚಿನಲ್ಲಿ ಇಲ್ಲವೆ ದೊಡ್ಡ ಸಭಾಂಗಣದಲ್ಲಿ ಆಡಬೇಕೇ ಹೊರತು ನಾಟಕಮಂದಿರದಲ್ಲಿ ಅಲ್ಲವೆಂಬುದು ರಚನಕಾರನ ಕಟ್ಟಪ್ಪಣೆ.

ಕೃತಿಯ ಹೆಚ್ಚಳ ಕಾಣುವುದು ವಾದ್ಯಮೇಳದ ವಿನ್ಯಾಸದಲ್ಲಿ. ಪಿಟೀಲು ನುಡಿಸುವ ಮಕ್ಕಳನ್ನು ಬ್ರಿಟನ್ ಮೂರು ವರ್ಗಗಳಾಗಿ ವಿಂಗಡಿಸಿದನು. ಮೊದಲ ವರ್ಗಕ್ಕೆ ತಕ್ಕಮಟ್ಟಿನ ಸಾಧನೆ ಬೇಕು. ಎರಡನೆಯದು ಕೈಯನ್ನು ಮೊದಲ ಸ್ಥಾನದಿಂದ ಕದಲಿಸಬೇಕಾಗಿಲ್ಲ. ಮೂರನೆಯದಕ್ಕೆ ಬಹುಪಾಲು ಬೆರಳಿಡದ ಬಿಡಿತಂತಿಗಳೇ ಸಾಕು. ನಮ್ಮ ಶಾಸ್ತ್ರಕಾರರು ಅಧಿಕಾರಿಭೇದವೆಂದು ಕರೆದ ವಿವೇಕವೇ ಇದು. ಆದರೆ ಇಲ್ಲಿನ ಭೇದ ಯೋಗ್ಯತೆಯದೇ ಹೊರತು ಗೌರವದ್ದಲ್ಲ. ಬಿಡಿತಂತಿಯ ನಾದವನ್ನು ತೆಗೆದುಹಾಕಿದರೆ ಮೇಳದ ಮೈ ಬಡವಾಗುತ್ತದೆ. ಕೀಲಿಗಳಿಲ್ಲದ ಬ್ಯೂಗಲ್ ಕಹಳೆ ಕೆಲವೇ ಸ್ವರಗಳನ್ನು ನುಡಿಯಬಲ್ಲುದು. ಪ್ರಾಣಿಗಳು ನಾವೆಯೇರುವ ಮೆರವಣಿಗೆಗೆ ಆ ಕೆಲವು ಸ್ವರಗಳೇ ಗತ್ತನ್ನು ಕೊಡುತ್ತವೆ. ಕೊರತೆಯನ್ನು ಮರೆಮಾಚುವುದು ಸಾಮಾನ್ಯ ಕುಶಲತೆ. ಕೊರತೆಯಿಂದಲೇ ರೂಪವನ್ನು ಪಡೆಯುವುದು ಪ್ರತಿಭೆ.

ಮಳೆಯ ಮೊದಲ ಹನಿಗಳ ಸನ್ನಿವೇಶ ಇದಕ್ಕೆ ಉತ್ತಮ ನಿದರ್ಶನ. ದಾರಕ್ಕೆ ಸಾಲಾಗಿ ತೂಗುಹಾಕಿದ ಪಿಂಗಾಣಿ ಬಟ್ಟಲುಗಳನ್ನು ಮರದ ಚಮಚೆಯಿಂದ ತಟ್ಟಿ ಹನಿಯ ಸದ್ದನ್ನು ಹುಟ್ಟಿಸಲಾಗುತ್ತದೆ. ಈ ಉಪಾಯವನ್ನು ಸೂಚಿಸಿದವಳು ಬ್ರಿಟನ್ನನ ಸಹಾಯಕಿ, ಸ್ವತಃ ಸಂಗೀತಜ್ಞೆಯಾದ ಇಮೋಜೆನ್ ಹೋಲ್ಸ್ಟ್. ಅಡಿಗೆಮನೆಯ ಸಾಮಗ್ರಿ ವಾದ್ಯವಾಯಿತೆಂಬುದು ಬರಿಯ ಚಮತ್ಕಾರವಲ್ಲ. ಹನಿಗಳ ಹಿಂದೆಯೇ ಗಾಳಿ, ಗುಡುಗು, ಅಲೆಗಳು ಒಂದೊಂದಾಗಿ ಸೇರುತ್ತವೆ. ಇವೆಲ್ಲದರ ಅಡಿಯಲ್ಲಿ ಮಂದ್ರದ ಒಂದೇ ಸ್ವರಪಂಕ್ತಿ ಮರುಕಳಿಸುತ್ತಲೇ ಇರುತ್ತದೆ. ಪಾಶ್ಚಾತ್ಯರು ಪಾಸಕಾಲಿಯ ಎಂದು ಕರೆಯುವ ಪ್ರೌಢ ಬಂಧವಿದು. ಬಿರುಗಾಳಿ ತುತ್ತತುದಿಗೇರಿದಾಗ ನಾವೆಯೊಳಗಿನವರು ಕಡಲ ಪಯಣಿಗರ ರಕ್ಷಣೆಗಾಗಿ ಹಾಡುವ ಸ್ತೋತ್ರವನ್ನು ಎತ್ತಿಕೊಳ್ಳುತ್ತಾರೆ. ಆ ಸ್ತೋತ್ರವೂ ಅದೇ ಸ್ವರಪಂಕ್ತಿಯ ಮೇಲೆ ನಿಲ್ಲುವುದನ್ನು ಕೇಳಿದಾಗ, ಪ್ರಳಯವನ್ನು ತಂದ ಶಕ್ತಿಯೂ ಕಾಯುವ ಶಕ್ತಿಯೂ ಬೇರೆಯಲ್ಲವೆಂಬ ಅರ್ಥ ಮಾತಿನ ನೆರವಿಲ್ಲದೆ ವೇದ್ಯವಾಗುತ್ತದೆ.

ಆಗ ಸಭೆಯೂ ದನಿಗೂಡಿಸುತ್ತದೆ. ಕೃತಿಯಲ್ಲಿ ಇಂತಹ ಸಾಮೂಹಿಕ ಸ್ತೋತ್ರಗಳು ಮೂರಿವೆ. ನೋಡಲು ಬಂದವನು ಹಾಡಲೇಬೇಕಾದುದರಿಂದ, ಮಕ್ಕಳ ಸಾಹಸವನ್ನು ದೂರದಿಂದ ಮೆಚ್ಚಿ ತಲೆದೂಗುವ ಅವಕಾಶ ಅವನಿಗಿಲ್ಲ. ತರಬೇತಿಯಿಲ್ಲದ ಹಿರಿಯನು ಮೂರನೆಯ ವರ್ಗದ ಪಿಟೀಲಿನ ಬಾಲಕನ ಸಾಲಿಗೇ ಬಂದು ನಿಲ್ಲುತ್ತಾನೆ.

ಕೃತಿ ನಿರ್ದೋಷವೆನ್ನಲಾಗದು. ನೋಹನ ಪತ್ನಿಯ ಗೆಳತಿಯರು ನೆರೆಯಲ್ಲಿ ಕೊಚ್ಚಿಹೋಗುತ್ತಾರೆ. ಅವರ ಪಾತ್ರ ವಹಿಸಿದವರೂ ಬಾಲಿಕೆಯರೇ. ಹಳೆಯ ನಾಟಕದ ಹಾಸ್ಯದ ಓಟದಲ್ಲಿ ಅವರ ಸಾವು ಹಾದುಹೋಗುತ್ತದೆ. ಉಳಿದವರ ಹರ್ಷಕ್ಕೆ ಸ್ತೋತ್ರವುಂಟು, ಅಳಿದವರಿಗೆ ಶೋಕಗೀತೆಯಿಲ್ಲ. ಮಕ್ಕಳಿಗೆ ಇಷ್ಟನ್ನು ನಂಬಿ ಒಪ್ಪಿಸಿದ ರಚನಕಾರ ಆ ದುಃಖವನ್ನೂ ಒಪ್ಪಿಸಬಹುದಾಗಿತ್ತು. ಮಕ್ಕಳು ಇಲ್ಲಿ ನುಡಿಸುವವರೇ ಹೊರತು ಕಟ್ಟುವವರಲ್ಲವೆಂಬ ಆಕ್ಷೇಪವೂ ಸಾಧ್ಯ. ಆದರೆ ಪಾಲ್ಗೊಂಡವರ ಅಳವು ಕೃತಿಯ ಪ್ರತಿಯೊಂದು ನಿರ್ಧಾರವನ್ನೂ ತಿದ್ದಿರುವಾಗ, ಅದರ ಕಟ್ಟೋಣದಲ್ಲಿ ಅವರ ಪಾಲಿಲ್ಲವೆನ್ನುವುದು ಪೂರ್ಣಸತ್ಯವಾಗದು.

ಕೊನೆಯಲ್ಲಿ ಕಾಮನಬಿಲ್ಲು ಮೂಡುವಾಗ ಮಕ್ಕಳ ಕೈಗಂಟೆಗಳು ಮೊಳಗುತ್ತವೆ. ಸೂರ್ಯ, ಚಂದ್ರ, ನಕ್ಷತ್ರಗಳ ಸ್ತೋತ್ರದೊಂದಿಗೆ ಆ ಗಂಟೆಗಳ ಶ್ರುತಿ ಪೂರ್ತಿಯಾಗಿ ಕೂಡುವುದಿಲ್ಲ. ಬೇರೊಂದು ಲೋಕದಿಂದ ಬಂದಂತೆ ಬದಿಯಲ್ಲಿ ನಿಂತು ಮಿನುಗುತ್ತದೆ. ಎಲ್ಲರೂ ತೆರಳಿದ ಮೇಲೆ ನೋಹನೊಬ್ಬನೇ ಉಳಿದು ದೇವರ ಅಭಯವನ್ನು ಕೇಳುತ್ತಾನೆ. ದೇವವಾಣಿಯ ಪಕ್ಕದಲ್ಲಿ ನಿಲ್ಲಬಲ್ಲ ನಾದವನ್ನು ಬ್ರಿಟನ್ ಶಾಲೆಯ ಮಕ್ಕಳ ಕೈಯಲ್ಲಿಟ್ಟನು. ಅದನ್ನು ಅವರಿಗೆ ತೋರಿದ ಔದಾರ್ಯವೆನ್ನುವುದು ತಪ್ಪಾದೀತು. ಆ ನಾದ ಇಲ್ಲದೆ ಅವನ ಕೃತಿ ಮುಗಿಯುತ್ತಿರಲಿಲ್ಲ.